ಹೊಳೆಬಾಗಿಲ ಪೆಟ್ಟಿಗೆ

ಬ್ಯಾಡಗಿ ಪೇಟೆಯಲ್ಲಿ ಒಣಮೆಣಸಿನಕಾಯಿಯನ್ನು ಕಣ್ಣಿನಿಂದ ನೋಡಿ ಕೊಳ್ಳುವವರು ಹೊಸಬರು. ನನ್ನ ಸೋದರಮಾವ ಕಿವಿಯಿಂದ ಕೊಳ್ಳುತ್ತಿದ್ದ. ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ಒಂದು ಕಾಯಿ ಹೊರಗೆಳೆದು, ತೊಟ್ಟು ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಒಳಗಿನ ಬೀಜ ಗಿಲಿಗಿಲಿ ಎಂದರೆ ಕಾಯಿ ಒಣಗಿದೆ. ಸುಮ್ಮನಿದ್ದರೆ ಎಲ್ಲೋ ನೀರು ಕುಡಿದಿದೆ. ತೂಕ ಬರಲೆಂದು ಯಾರಾದರೂ ಚಿಮುಕಿಸಿದ್ದೋ, ಗಾಳಿಯೇ ತಿರುಗಿದ್ದೋ ಎಂದು ತಿಳಿಯಲು ಅವನಿಗೆ ಇನ್ನೆರಡು ಕಾಯಿ ಸಾಕು. "ತಾಡಪತ್ರಿ ಹೊಚ್ಚರೋ" ಎಂದು ಅವನು ಹಮಾಲರಿಗೆ ಕೂಗಿದಾಗ ಆಕಾಶದಲ್ಲಿ ಒಂದು ತುಂಡು ಮೋಡವೂ ಇರುತ್ತಿರಲಿಲ್ಲ. ಹಮಾಲರು ಮೇಲೆ ನೋಡದೆ ಓಡುತ್ತಿದ್ದರು.

ನಾನು ಮೇಲೆ ನೋಡುತ್ತಿದ್ದೆ. ಮಳೆ ಬಾರದ ದಿನಗಳನ್ನು ನೆನಪಿಟ್ಟುಕೊಂಡು ರಾತ್ರಿ ಊಟಕ್ಕೆ ಕೂತಾಗ ಎತ್ತಿ ಹೇಳುತ್ತಿದ್ದೆ. "ಬಂದದ್ದಷ್ಟ ನೆನಪ ಇಟಗೊಂಡ್ರ ಯಾರರ ಜೋತಿಷಿ ಆಗಬಹುದ್ರಿ ಮಾವಾ" ಎಂದರೆ ಅವನು ರೊಟ್ಟಿ ಮುರಿಯುತ್ತ, "ಹೌದ್ ಬಿಡೋ ವಕೀಲಾ, ನಿನ್ನ ಲೆಕ್ಕಾನೂ ತಪ್ಪಿಲ್ಲ, ನನ್ನ ಕಾಯಿನೂ ತೊಯ್ದಿಲ್ಲ" ಎನ್ನುತ್ತಿದ್ದ.

ವಕೀಲ ಎಂದು ಕರೆಯಲು ಕಾರಣವಿತ್ತು. ಹಾವೇರಿಯಲ್ಲಿ ಓದುವಾಗ ನಾನು ಚರ್ಚಾಸ್ಪರ್ಧೆಯ ಹುಡುಗ. ಚೀಟಿ ಎತ್ತಿದ ಮೇಲೆ ಪರವೋ ವಿರೋಧವೋ ಗೊತ್ತಾಗುತ್ತಿತ್ತು. ಅದಾದ ಹತ್ತು ನಿಮಿಷಕ್ಕೆ ನನ್ನ ಅಭಿಪ್ರಾಯ ತಯಾರಾಗುತ್ತಿತ್ತು. ಒಮ್ಮೆ ಹಾವೇರಿಯಲ್ಲಿ ದೊಡ್ಡ ಅಣೆಕಟ್ಟುಗಳ ಪರ ಮಾತಾಡಿ ಗೆದ್ದು, ಅದೇ ವಾರ ರಾಣೇಬೆನ್ನೂರಿನಲ್ಲಿ ವಿರೋಧ ಮಾತಾಡಿ ಗೆದ್ದೆ. ಎರಡನೆಯದಕ್ಕೆ ಮಾವ ಬ್ಯಾಡಗಿಯಿಂದ ಬೈಕಿನಲ್ಲಿ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದ. ಹೊರಗೆ ಚಹಾದಂಗಡಿಯಲ್ಲಿ ಫಲಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತ ನನ್ನನ್ನು ಕೇಳಿದ: "ಭಾಳ ಛಲೋ ಮಾತಾಡಿದಿ. ಆದ್ರ ನೀ ಹೇಳಿದ್ದು ಖರೇ ಏನು?"

"ಅದು ಪ್ರಶ್ನೆನ ಅಲ್ರಿ ಮಾವಾ. ಎದುರಿನವರು ಸುಳ್ಳು ಅಂತ ತೋರಸಾಕ ಆಗಲಿಲ್ಲ."

ಅವನು ಬಸಿಯಲ್ಲಿ ಚಹಾ ಸುರಿದುಕೊಂಡು ಊದಿದ.

ಪದವಿ ಮುಗಿದ ಮೇಲೆ ನಾನು ದಕ್ಷಿಣ ಚೀನಾಕ್ಕೆ ಹೋದೆ. ಒಂದು ವರ್ಷ ಭಾಷೆ ಕಲಿತು, ನಮ್ಮ ಕಡೆಯಿಂದ ಟೈಲ್ಸ್ ಮತ್ತು ಯಂತ್ರ ಕೊಳ್ಳಲು ಬರುವ ವ್ಯಾಪಾರಿಗಳಿಗೆ ದುಭಾಷಿಯಾದೆ. ಎರಡು ಸಾವಿರದ ನಾಲ್ಕರ ಚಳಿಗಾಲದಲ್ಲಿ ಮಾವ ಬಂದ. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಯಂತ್ರ ನೋಡಬೇಕೆಂಬುದು ನೆಪ. ಯಂತ್ರ ತೊಟ್ಟಿನ ಜೊತೆ ಕಾಯಿಯನ್ನೂ ಒಡೆಯಿತು; ಮಾವ ಅದಕ್ಕೆ ಕೈ ಮುಗಿದು ಹೊರಗೆ ಬಂದ. ಅವನ ಹಿಂದಿರುಗುವ ವಿಮಾನಕ್ಕೆ ಇನ್ನೂ ಐದು ದಿನ ಇತ್ತು. ಮಾರ್ಗದರ್ಶಿ ಎತ್ತಿ ಹಿಡಿದ ಕೊಡೆ ನೋಡುತ್ತ ಪ್ರವಾಸಿ ತಂಡದ ಹಿಂದೆ ನಡೆಯುವುದು ನನಗೆ ಆಗದ ಕೆಲಸ. ನಾವೇ ರಾತ್ರಿ ರೈಲು, ಮೇಲೆ ಎರಡು ಬಸ್ಸು ಹಿಡಿದು ಹುನಾನ್ ಪ್ರಾಂತ್ಯದ ಒಂದು ಹೊಳೆದಂಡೆಯ ಊರು ತಲುಪಿದೆವು.

ಪಟದಲ್ಲಿ ಕಾಣುವಂಥದೇ ಊರು. ಹಸಿರು ನೀರು, ನೀರಿನೊಳಗೆ ಮರದ ಕಂಬ ಊರಿ ನಿಂತ ಮನೆಗಳು, ಪ್ರತಿ ಸೂರಿನಲ್ಲೂ ಕೆಂಪು ಮೆಣಸಿನಕಾಯಿಯ ಸರ. ಮಾವ ಮೊದಲ ಸರದ ಕೆಳಗೇ ನಿಂತುಬಿಟ್ಟ. "ಬಣ್ಣ ಸುಮಾರ. ಖಾರ ಮಾತ್ರ ಕಣ್ಣಾಗ ನೀರ ತರಸ್ತೈತಿ" ಎಂದು ಒಂದನ್ನು ಕಚ್ಚಿ ನೋಡಿ ಹೇಳಿದ. ಅದನ್ನು ನೋಡಿದ ಆ ಮನೆಯ ಅಜ್ಜಿ ನಕ್ಕು ಒಳಗೆ ಕರೆದಳು. ಅದು ಪ್ರವಾಸಿಗರಿಗೆ ಕೋಣೆ ಕೊಡುವ ಮನೆ. ಅಜ್ಜಿ, ದೋಣಿ ನಡೆಸುವ ಮಗ, ಅಡುಗೆಯ ಸೊಸೆ. ಅಜ್ಜಿಯ ಮಾತು ಊರ ಮಾತು, ನನಗೆ ಅರ್ಧ ಹತ್ತುತ್ತಿತ್ತು. ಸೊಸೆ ಅದನ್ನೇ ನಿಧಾನವಾಗಿ ಹೇಳಿದರೆ ಪೂರ್ತಿ. ಮಾವ ತಿನ್ನದ ಪದಾರ್ಥಗಳ ಪಟ್ಟಿಯನ್ನು ನಾನು ಕಾಗದದಲ್ಲಿ ಬರೆದುಕೊಟ್ಟಾಗ ಅಜ್ಜಿ ಅದನ್ನು ಎರಡು ಸಲ ಓದಿಸಿಕೊಂಡು, "ಹಾಗಾದರೆ ಈತ ಇಷ್ಟು ದೊಡ್ಡವನಾದದ್ದು ಹೇಗೆ?" ಎಂದು ಕೇಳಿದಳು. ಮಾವ ಅವಳನ್ನು ಅಂದೇ ಅಕ್ಕ ಮಾಡಿಕೊಂಡ.

ಪೆಟ್ಟಿಗೆ ಕಂಡದ್ದು ಮರುದಿನ. ಮನೆಯ ತೀರ ಕೆಳಗಿನ ಕೋಣೆಯಲ್ಲಿ, ಹೊಳೆಗೆ ತೆರೆಯುವ ಬಾಗಿಲಿನ ಎದುರಿಗೆ, ಎರಡು ಗಟ್ಟಿ ಮಣೆಗಳ ಮೇಲೆ ಇಟ್ಟಿದ್ದರು. ಹೆಚ್ಚುಕಡಿಮೆ ಆಳುದ್ದ, ದಪ್ಪ ಹಲಗೆ, ಕನ್ನಡಿಯಂತೆ ಮಿಂಚುವ ಕಪ್ಪು ಅರಗು. ಮುಚ್ಚಳ ಅರ್ಧ ಸರಿದಿತ್ತು, ಒಳಗೆ ಒಣಮೆಣಸಿನಕಾಯಿ ತುಂಬಿತ್ತು. ಮಾವ ಅದರ ಸುತ್ತ ಮೂರು ಸಲ ತಿರುಗಿದ.

"ಅಳಿಯಾ, ಇದರ ಹಲಗಿ ಕೂಡಿಸಿದ್ದು ನೋಡೋ. ಒಂದರೇ ಮೊಳಿ ಐತೇನು? ಇದರಾಗ ಕಾಯಿ ಇಟ್ರ ಮೂರು ಮಳೆಗಾಲ ಬಂದ್ರೂ ಬಣ್ಣ ಹೋಗಂಗಿಲ್ಲ. ಎಷ್ಟಂತ ಕೇಳು."

ನಾನು ಕೇಳಿದೆ. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಳು. ಮಗ ಹೊರಗೆ ಹೋಗಿ ನಕ್ಕ. ಅಜ್ಜಿ ಮಾತ್ರ ನೇರವಾಗಿ ಮಾವನ ಮುಖ ನೋಡಿ ಹೇಳಿದಳು: "ಇದು ನನ್ನ ಅಳತೆಗೆ ಮಾಡಿಸಿದ್ದು. ಅವನು ನನಗಿಂತ ಗೇಣು ಎತ್ತರ ಇದ್ದಾನೆ, ಕಾಲು ಮಡಚಬೇಕಾಗುತ್ತದೆ."

ಅದು ಹೆಣದ ಪೆಟ್ಟಿಗೆ ಎಂದು ನನಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ನಮ್ಮ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಪದ್ಮಾಸನದಲ್ಲಿ ಕೂರಿಸಿ, ವಿಭೂತಿ ಧರಿಸಿ, ಹಾಗೇ ಮಣ್ಣಿಗೆ ಕೊಡುತ್ತಾರೆ. ಉದ್ದನೆಯ ಪೆಟ್ಟಿಗೆ ಕಂಡರೆ ಕಾಳುಕಡಿಯ ಹೊರತು ಬೇರೆ ಏನೂ ನಮಗೆ ಹೊಳೆಯುವುದಿಲ್ಲ. ನಾನು ಅನುವಾದಿಸಿದಾಗ ಮಾವ ಹಲಗೆಯ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದು ಎದೆಗೆ ಒರೆಸಿಕೊಂಡ.

"ಜೀವಂತ ಇರಾಕಿನ ಮುಂದನ ಇಟ್ಟಾರಲ್ಲೋ!"

ಅಲ್ಲಿ ಅದು ಗೌರವ. ಅರವತ್ತು ದಾಟಿದವರಿಗೆ ಮಕ್ಕಳು ಮುಂಚೆಯೇ ಮಾಡಿಸಿಕೊಡುತ್ತಾರೆ, ವರ್ಷಕ್ಕೊಮ್ಮೆ ಅರಗು ಬಳಿಯುತ್ತಾರೆ. ಮನೆಯೊಳಗಿನ ಮೆಟ್ಟಿಲು ಇಕ್ಕಟ್ಟಾದದ್ದರಿಂದ ಪೆಟ್ಟಿಗೆಯನ್ನು ದೋಣಿಯಲ್ಲಿ ತಂದು ಹೊಳೆಬಾಗಿಲಿನಿಂದ ಒಳಗೆ ಇಳಿಸಿದ್ದರು. "ಬಂದ ಬಾಗಿಲಿನಿಂದಲೇ ಹೋಗುತ್ತೇನೆ, ದಂಡೆಯ ಮೆಟ್ಟಿಲು ಹತ್ತಿ ಗುಡ್ಡಕ್ಕೆ" ಎಂದು ಅಜ್ಜಿ ತೋರಿಸಿದಳು. ಮದುವೆ ಮನೆಯ ದಾರಿ ತೋರಿಸುವ ಹಾಗಿತ್ತು ಅವಳ ಬೆರಳು.

ಎರಡು ವರ್ಷದ ನಂತರ, ಎರಡು ಸಾವಿರದ ಆರರ ಜೂನಿನಲ್ಲಿ, ಮಾವ ಮತ್ತೆ ಬಂದ. ಈ ಸಲ ಯಂತ್ರದ ನೆಪವೂ ಇರಲಿಲ್ಲ. "ಅಕ್ಕನ ಊರಿಗೆ ಹೋಗೂಣು" ಎಂದ. ಬಟ್ಟೆಗಳ ನಡುವೆ ಬ್ಯಾಡಗಿ ಕಾಯಿಯ ಒಂದು ಸರ ಬಚ್ಚಿಟ್ಟುಕೊಂಡು ತಂದಿದ್ದ.

ಒಂದೇ ಊರಿಗೆ ಎರಡನೆಯ ಸಲ ಹೋಗುವುದು ಜಾಣತನವಲ್ಲ ಎಂದು ಬಸ್ಸಿನಲ್ಲಿ ನಾನು ವಾದಿಸುತ್ತಲೇ ಇದ್ದೆ. ಊರೂ ನನ್ನ ಪರವೇ ಇದ್ದಂತಿತ್ತು. ಹಸಿರು ಹೊಳೆ ಇರಲಿಲ್ಲ. ಚಹಾ ಬಣ್ಣದ ನೀರು ಮಲಗಿದಂತೆ ಬಿದ್ದಿತ್ತು. ಗುಡ್ಡಗಳ ಸೊಂಟದವರೆಗೆ ಮೋಡ ಇಳಿದಿತ್ತು. ಊರಿನ ಕಟ್ಟೆಗೋಡೆಯಲ್ಲಿ, ನನ್ನ ತಲೆಗಿಂತ ಮೇಲೆ, ಹಿಂದೆಂದೋ ನೀರು ಬಂದು ನಿಂತ ಗುರುತಿನ ಬಿಳಿ ಗೆರೆ. ಮೊದಲ ಸಲವೂ ಅದು ಅಲ್ಲೇ ಇತ್ತು. ಆಗ ಅದರ ಕೆಳಗೆ ನಿಂತು ಪಟ ತೆಗೆಸಿಕೊಂಡಿದ್ದೆವು.

"ಪೆಟ್ಟಿಗೆ ಕೊಳ್ಳುವವನು ಬಂದ!" ಎಂದು ಅಜ್ಜಿ ಮೇಲಿನ ಮೊಗಸಾಲೆಯಿಂದ ಕೂಗಿದಳು. ಕೈಗಳು ಸಣ್ಣಗಾಗಿದ್ದವು. ತನಗೀಗ ಎಪ್ಪತ್ತಮೂರು, ಅದು ತಮ್ಮಲ್ಲಿ ಗಂಡಾಂತರದ ವಯಸ್ಸು, ಆದ್ದರಿಂದ ಈ ವರ್ಷ ಎರಡು ಸಲ ಅರಗು ಬಳಿಸಿದ್ದಾಗಿ ಹೇಳಿದಳು. ಎಪ್ಪತ್ತೆರಡಕ್ಕೂ ಎಪ್ಪತ್ತನಾಲ್ಕಕ್ಕೂ ಇಲ್ಲದ ವಿಶೇಷ ಎಪ್ಪತ್ತಮೂರಕ್ಕೆ ಹೇಗೆ ಬಂತು ಎಂದು ನಾನು ಕೇಳಿದೆ. ಸೊಸೆ ಮುಖ ಬೇರೆ ಕಡೆ ತಿರುಗಿಸಿದಳು. ಅಜ್ಜಿ ಮಾವ ಕೊಟ್ಟ ಸರವನ್ನು ಬೆಳಕಿಗೆ ಹಿಡಿದು, ಬಣ್ಣಕ್ಕೆ ತಲೆದೂಗಿ, ಹೊಳೆ ಕಡೆಯ ಮೊಗಸಾಲೆಯಲ್ಲಿ ತೂಗುಹಾಕಿದಳು.

ಮರುದಿನ ಬೆಳಗಾಗುವ ಹೊತ್ತಿಗೆ ಮಾವ ಸ್ನಾನಕ್ಕೆಂದು ಹೊಳೆಗೆ ಇಳಿದವನು ಒಣ ಟವೆಲ್ಲನ್ನೇ ಹೆಗಲಿಗೆ ಹಾಕಿಕೊಂಡು ವಾಪಸು ಬಂದ. ಮೊಗಸಾಲೆಗೆ ಹೋಗಿ ಸರದಿಂದ ಒಂದು ಕಾಯಿ ಕಿತ್ತು ಕಿವಿಗೆ ಹಿಡಿದ. ಇನ್ನೊಂದು ಕಿತ್ತ. ಮೂರನೆಯದನ್ನು ನನ್ನ ಕಿವಿಗೆ ಹಿಡಿದ.

"ಕೇಳಸ್ತೇನು?"

"ಇಲ್ರಿ."

"ನಿನ್ನೆ ಸಂಜಿಮುಂದ ಗಿಲಿಗಿಲಿ ಅಂತಿತ್ತು. ಹೊಳಿಗೆ ಹೊಸ ನೀರಿನ ವಾಸನಿ ಹೊಡ್ಯಾಕತ್ತೈತಿ. ಕರ್ಜಗ್ಯಾಗ ನಾವು ಸಣ್ಣಾವರಿದ್ದಾಗ ವರದಾ ಹೊಳಿ ಬರೂ ಮುಂದ ಹಿಂಗ ನಾರತಿತ್ತು, ಹಸಿಮಣ್ಣು, ಕೊಳೆತ ಎಲಿ. ಮ್ಯಾಲೆ ಎಲ್ಲೋ ಭಾರಿ ಮಳಿ ಆಗೈತಿ. ಇವತ್ತ ಇಲ್ಲಿಗೆ ಬರತೈತಿ. ಅಕ್ಕನ ಪೆಟ್ಟಿಗಿ ಈಗ ಎತ್ತಬೇಕು, ಮೆಟ್ಟಿಲ ಮುಳಗೂದ್ರೊಳಗ. ಹೇಳು ಅವರಿಗೆ."

ನನ್ನೊಳಗೆ ಚರ್ಚಾಸ್ಪರ್ಧೆಯ ಗಂಟೆ ಹೊಡೆಯಿತು. ನನಗೆ ಕೊಟ್ಟ ಸಮಯ ಶುರುವಾದಂತೆ. ಒಂದು: ಹೊಳೆಯ ಮೇಲೆ ತೂಗುಹಾಕಿದ ಕಾಯಿ ರಾತ್ರಿಯ ಮಂಜಿಗೆ ಮೆತ್ತಗಾಗದೆ ಇನ್ನೇನಾಗುತ್ತದೆ? ಎರಡು: ಇಲ್ಲಿಯ ಜನ ಈ ಹೊಳೆಯ ಮೇಲೇ ಹುಟ್ಟಿದವರು, ಅವರಿಗೆ ಬಾರದ ವಾಸನೆ ಕರ್ಜಗಿಯವರ ಮೂಗಿಗೆ ಹೇಗೆ ಬಂತು? ಮೂರು: ಒಂದು ಮುದುಕಿಗೆ, ಅದೂ ಈ ವರ್ಷ ಸಾಯುತ್ತೇನೆಂದು ನಂಬಿದವಳಿಗೆ, ಬೆಳಿಗ್ಗೆ ಎದ್ದು ನಿನ್ನ ಪೆಟ್ಟಿಗೆ ಎತ್ತು ಎಂದು ಹೇಳುವುದು ಯಾವ ಮರ್ಯಾದೆ?

ಮೂರನೆಯದು ಒಳ್ಳೆಯ ಅಂಶ. ಈಗಲೂ ಹಾಗೇ ಅನಿಸುತ್ತದೆ.

"ನಿನ್ನ ಮೂರೂ ಖರೇನ ಇರಬಹುದು" ಎಂದ ಮಾವ. "ನೀ ಬರೇ ಹೇಳು. ನನ್ನ ಮಾತಂತ ಹೇಳು. ತಪ್ಪಾದ್ರ ನನ್ನ ನೋಡಿ ನಗಲಿ."

"ಸಾಕ್ಷಿ ಇಲ್ಲದ್ದನ್ನ ನಾ ಹೇಳಂಗಿಲ್ರಿ ಮಾವಾ."

ಆ ಹೊತ್ತಿಗೆ ಕೆಳಗೆ ಮಗ ಮತ್ತು ಅವನ ಇಬ್ಬರು ಜೊತೆಗಾರರು ಪ್ರವಾಸಿಗರನ್ನು ಮೇಲ್ಹೊಳೆಗೆ ಕರೆದೊಯ್ಯಲು ದೋಣಿಯ ಹಗ್ಗ ಬಿಚ್ಚುತ್ತಿದ್ದರು. ಮೂವರು ಗಟ್ಟಿ ಆಳುಗಳು, ನಾವಿಬ್ಬರು. ಪೆಟ್ಟಿಗೆ ಎತ್ತಲು ಐದು ಜನ ಸಾಕಾಗುತ್ತಿತ್ತು. ಮಾವನ ದನಿ ಏರಿದ್ದು ಕೇಳಿ ಮಗ ತಲೆಯೆತ್ತಿ ನನ್ನನ್ನು ಕೇಳಿದ: "ನಿಮ್ಮ ಮಾವ ಏನು ಹೇಳುತ್ತಿದ್ದಾರೆ?"

"ಮೆಣಸಿನಕಾಯಿ ಬಗ್ಗೆ" ಎಂದೆ.

ಅವನು ನಕ್ಕು ಕೋಲು ಊರಿ ದೋಣಿ ತಳ್ಳಿದ.

ಮಾವ ನನ್ನನ್ನು ಅಲ್ಲೇ ಬಿಟ್ಟು ಹೊರಟ. ತಾನೇ ಅಜ್ಜಿಯನ್ನು ಕೆಳಕೋಣೆಗೆ ಕರೆದೊಯ್ದು, ಪೆಟ್ಟಿಗೆ ತೋರಿಸಿ, ಎರಡೂ ಕೈಯಿಂದ ಎತ್ತುವಂತೆ ಮಾಡಿ, ಬಾಗಿಲ ಹೊರಗೆ ಬೆರಳು ಚಾಚಿದ. ಅಜ್ಜಿ ಬಗ್ಗಿ ಬಗ್ಗಿ ನಕ್ಕಳು. "ಇನ್ನೂ ಬಿಟ್ಟಿಲ್ಲವಾ ಇದರ ಆಸೆ?" ಎಂದು ಅವನ ತೋಳಿಗೆ ಹೊಡೆದಳು. ಅವನು "ಅಕ್ಕಾರ, ಹಂಗಲ್ರಿ, ನೀರು, ನೀರು ಬರಾಕತ್ತೈತ್ರಿ" ಎಂದು ಹೊಳೆ ತೋರಿಸಿದರೆ ಅವಳು ಹೊಳೆ ನೋಡಿ, ಹೌದು, ಚೆನ್ನಾಗಿದೆ ಎಂಬಂತೆ ತಲೆಯಾಡಿಸಿದಳು. ನಾನು ಒಳಮೆಟ್ಟಿಲ ತುದಿಯಲ್ಲಿ ಕೂತು ಅನ್ನದ ಗಂಜಿ ಕುಡಿಯುತ್ತ ಎಲ್ಲವನ್ನೂ ನೋಡುತ್ತಿದ್ದೆ.

ಮಾವ ತಿಂಡಿಗೆ ಬರಲಿಲ್ಲ. ಇಣುಕಿ ನೋಡಿದಾಗ ದಂಡೆಯ ಮೆಟ್ಟಿಲ ಮೇಲೆ ಕೂತಿದ್ದ. ನೀರಿನ ಅಂಚಿಗೆ ಸರಿಯಾಗಿ ಒಂದು ಕೆಂಪು ಕಾಯಿ ಇಟ್ಟಿದ್ದ. ನಾನು ಮತ್ತೆ ನೋಡಿದಾಗ ಆ ಕಾಯಿ ಇರಲಿಲ್ಲ, ಅವನು ಮೇಲಿನ ಮೆಟ್ಟಿಲಿನಲ್ಲಿ ಕೂತು ಅಲ್ಲಿ ಇನ್ನೊಂದು ಇಟ್ಟಿದ್ದ. ಬಟ್ಟೆ ಒಗೆಯುವ ಹೆಂಗಸರು ಸದ್ದಿಲ್ಲದೆ ಬುಟ್ಟಿ ಎತ್ತಿಕೊಂಡು ಹೋಗಿದ್ದರು. ನಾನು ಕೆಳಗಿಳಿದು ಅವನ ಹತ್ತಿರ ಹೋದೆ. ಹೊಳೆಯ ನಡುವೆ ಬೇರುಸಮೇತ ಒಂದು ಜೋಳದ ಗಿಡ ನೆಟ್ಟಗೆ ನಿಂತುಕೊಂಡೇ ತೇಲಿಹೋಯಿತು.

"ಮ್ಯಾಲೆ ಎಲ್ಲೋ ಡ್ಯಾಮಿನ ಗೇಟ್ ತಗದಿರಬೇಕ್ರಿ" ಎಂದೆ. ಅವನು ಮೂರನೆಯ ಕಾಯಿ ಇಟ್ಟ. ನಾವಿಬ್ಬರೂ ಅದನ್ನು ನೋಡುತ್ತ ನಿಂತೆವು. ಅದು ಒಮ್ಮೆ ಮಗ್ಗುಲು ಬದಲಿಸಿತು, ಎದ್ದಿತು, ಹೋಯಿತು. ಒಂದು ಬೀಡಿ ಸೇದುವಷ್ಟೂ ಹೊತ್ತಾಗಿರಲಿಲ್ಲ.

ಆಗ ನಾನು ಓಡಿದೆ. ಸೊಸೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಕೆಳಗೆ ನೋಡಿ ಬಿಳಿಚಿ, ಮೊದಲು ಗಂಡನ ಹೆಸರು ಕೂಗಿದಳು, ಆಮೇಲೆ ನೆರೆಯವರನ್ನು. ನೆರೆಯವರು ತಮ್ಮ ತಮ್ಮ ಮನೆಯ ಹಾಸಿಗೆ, ಹಂದಿ, ಟೀವಿ ಎತ್ತುತ್ತಿದ್ದರು. ಒಬ್ಬ ಮಾತ್ರ ಬಂದ. ನಾವು ನಾಲ್ಕು ಜನ ಪೆಟ್ಟಿಗೆಯನ್ನು ಮಣೆಯಿಂದ ಎತ್ತಿ ಹೊಳೆಬಾಗಿಲಿನವರೆಗೆ ತರುವಷ್ಟರಲ್ಲಿ ದಂಡೆಯ ಮೆಟ್ಟಿಲು ಇರಲಿಲ್ಲ. ಹೊಸ್ತಿಲ ಮೇಲೆ ನೀರು ನಾಲಗೆ ಚಾಚುತ್ತಿತ್ತು. ತಿರುಗಿಸಿ ಒಳಮೆಟ್ಟಿಲಿಗೆ ತಂದೆವು. ಅದು ಹಿಡಿಸುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಓರೆ ಮಾಡಿ, ನಿಲ್ಲಿಸಿ, ಆ ವರ್ಷ ಎರಡು ಸಲ ಬಳಿದ ಹೊಸ ಅರಗನ್ನು ಗೋಡೆಗೆ ಉಜ್ಜಿ ನೋಡಿದೆವು. ಕೊನೆಗೆ ಮುಚ್ಚಳವನ್ನಷ್ಟೇ ಮೇಲೆ ಸಾಗಿಸಿದೆವು.

ಅಜ್ಜಿ ಮೇಲೆ ಮೊಗಸಾಲೆಯ ಕಟಾಂಜನ ಹಿಡಿದು ನಿಂತಿದ್ದಳು. ಅವಳ ತಲೆಯ ಪಕ್ಕ ಮಾವನ ಸರ ಅರ್ಧ ಖಾಲಿಯಾಗಿ ನೇತಾಡುತ್ತಿತ್ತು.

ನಾವು ಮತ್ತೆ ಕೆಳಗೆ ಬಂದಾಗ ನೀರು ಮೊಣಕಾಲಿಗೆ ಬಂದಿತ್ತು, ಪೆಟ್ಟಿಗೆ ಎದ್ದಿತ್ತು. ಅಷ್ಟು ಭಾರದ್ದು ಅಷ್ಟು ಹಗುರಾಗಿ ಏಳುವುದನ್ನು ನಾನು ಮೊದಲು ನೋಡಿರಲಿಲ್ಲ. ಕತ್ತಲ ಕೋಣೆಯಲ್ಲಿ ಅದು ಗೋಡೆಗೆ ಒಮ್ಮೆ, ಬಾಗಿಲ ಚೌಕಟ್ಟಿಗೆ ಒಮ್ಮೆ ತಟ್ಟಿತು, ಒಳಗೆ ಬರಲು ಕೇಳುವವರಂತಲ್ಲ, ಹೊರಗೆ ಹೋಗಲು. ಮಾವ ಹಗ್ಗ ಕಟ್ಟಿ ಕಂಬಕ್ಕೆ ಸುತ್ತಿ ಎಳೆದು ಹಿಡಿದ. ನೀರು ಸೊಂಟಕ್ಕೆ ಬಂತು. ಕಂಬ ನರಳಿತು.

"ಬಿಡ್ರಿ ಮಾವಾ!"

"ಹಿಡ್ಕೊ ನೀನೂ!"

"ಮನೀನ ಹೋಗತೈತ್ರಿ, ಬಿಡ್ರಿ!"

ಜೀವನದಲ್ಲಿ ಮೊದಲ ಸಲ ಅವನು ನನ್ನ ವಾದಕ್ಕೆ ಸೋತ. ಹಗ್ಗ ಬಿಟ್ಟ. ಪೆಟ್ಟಿಗೆ ಬಂದ ಬಾಗಿಲಿನಿಂದಲೇ ಹೊರಟಿತು, ಮುಚ್ಚಳವಿಲ್ಲದೆ, ಹೊಟ್ಟೆಯಲ್ಲಿ ಕೆಂಪು ಕಾಯಿ ತುಂಬಿಕೊಂಡು. ಹೊಳೆಯ ನಡುವಿಗೆ ಹೋಗಿ ಒಮ್ಮೆ ಸುತ್ತಿತು. ದಂಡೆಗಳ ಮೇಲಿನ ಜನ ಸಾಮಾನು ಎತ್ತುವುದನ್ನು ಬಿಟ್ಟು ಅದನ್ನೇ ನೋಡಿದರು. ಯಾರ ಮನೆಯದು ಎಂದು ಎಲ್ಲರಿಗೂ ಗೊತ್ತಿತ್ತು.

ಮಧ್ಯಾಹ್ನದ ಮೇಲೆ ಮಗ ಬಂದ, ದೋಣಿಯನ್ನು ಮೇಲೆಲ್ಲೋ ಕಟ್ಟಿ, ಗುಡ್ಡದ ದಾರಿಯಿಂದ, ಪ್ರವಾಸಿಗರೆಲ್ಲ ಕ್ಷೇಮ ಎಂದು ಹೇಳುತ್ತ. ಮನೆ ನಿಂತಿತ್ತು, ನೀರು ಬಿಳಿ ಗೆರೆಗೆ ಮೊಳದಷ್ಟು ಕೆಳಗೆ ನಿಂತಿತು. ಅವನು ತಾಯಿಯನ್ನು ನೋಡಿದ, ಬೀದಿಯ ಗೋಡೆಗೆ ಒರಗಿಸಿದ್ದ ಕಪ್ಪು ಮುಚ್ಚಳ ನೋಡಿದ, ಆಮೇಲೆ ನನ್ನನ್ನು. ಅವನಿಗೆ ಏನೂ ಗೊತ್ತಿರಲಿಲ್ಲ. ಕೈ ಹಿಡಿದು ಧನ್ಯವಾದ ಹೇಳಿದ.

ಅಜ್ಜಿಯನ್ನು ಮೇಲಿನ ಬೀದಿಯಲ್ಲಿ ಬಿದಿರ ಕುರ್ಚಿಯಲ್ಲಿ ಕೂರಿಸಿದ್ದರು. ಹಾದುಹೋಗುವವರು ಅವಳ ಕಣ್ಣು ತಪ್ಪಿಸಿ ಹೋಗುತ್ತಿದ್ದರು. ಎಪ್ಪತ್ತಮೂರರ ವರ್ಷದಲ್ಲಿ ಪೆಟ್ಟಿಗೆ ಮುಂದೆ ಹೋಗಿಬಿಟ್ಟಿದೆ ಎಂದರೆ ಏನರ್ಥ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸೊಸೆ ತಂದಿಟ್ಟ ಊಟ ಆರುತ್ತಿತ್ತು. ಸಂಜೆಯಾದರೂ ಅವಳು ಮುಚ್ಚಳದಿಂದ ಕಣ್ಣು ತೆಗೆಯಲಿಲ್ಲ.

ಮಾವ ಅವಳ ಎದುರು ಕುಕ್ಕರಗಾಲಿನಲ್ಲಿ ಕೂತ. ನನ್ನನ್ನು ಹತ್ತಿರ ಕರೆದ.

"ಅಕ್ಕಾಗ ಹೇಳು. ನಮ್ಮ ಕಡೆ ಪೆಟ್ಟಿಗೀನ ಇಲ್ಲ ಅಂತ. ನಮ್ಮವ್ವ, ನಮ್ಮಪ್ಪ, ಎಲ್ಲಾರೂ ಕುಂತ ಹೋಗ್ಯಾರ ಅಂತ ಹೇಳು. ಈಗ ಆಕಿ ಕುಂತಾಳಲ್ಲ, ಹಿಂಗ. ಯಾರೂ ದಾರಿ ತಪ್ಪಿಲ್ಲ ಅಂತ ಹೇಳು."

ಯಾರೂ ದಾರಿ ತಪ್ಪಿಲ್ಲ ಎಂಬುದಕ್ಕೆ ಸಾಕ್ಷಿ ಎಲ್ಲಿದೆ ಎಂದು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಹೇಳಿದೆ. ಪದಕ್ಕೆ ಪದ ಹೇಳಿದೆ. ಪದ್ಮಾಸನಕ್ಕೆ ಆ ಭಾಷೆಯ ಶಬ್ದ ಗೊತ್ತಿರಲಿಲ್ಲ. ಮಾವನೇ ಬೀದಿಯ ಕಲ್ಲಿನ ಮೇಲೆ ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ ಕೂತು ತೋರಿಸಿದ. ಒದ್ದೆ ಪ್ಯಾಂಟಿನಿಂದ ನೀರು ಹರಿದು ಕಲ್ಲಿನ ಮೇಲೆ ಕಪ್ಪಗೆ ಹರಡಿತು.

ಅಜ್ಜಿ ಬಗ್ಗಿ ಅವನ ಮಡಚಿದ ಕಾಲುಗಳನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಸೊಸೆಯ ಸಹಾಯ ಬೇಕಾಗದಷ್ಟು ನಿಧಾನವಾಗಿ ಕೇಳಿದಳು.

"ಏನಂತಾಳ?" ಎಂದ ಮಾವ, ಕಣ್ಣು ತೆರೆಯದೆ.

"ಹಂಗಾದ್ರ ನಿದ್ದಿ ಹೆಂಗ ಬರತೈತಿ ಅಂತ ಕೇಳತಾಳ್ರಿ."

ಮಾವ ಕಣ್ಣು ತೆರೆದ. ಉತ್ತರ ಹುಡುಕುವವನಂತೆ ನನ್ನ ಮುಖ ನೋಡಿದ. ಜಗತ್ತಿನ ಯಾವ ವಿಷಯಕ್ಕೂ ಪರವೂ ವಿರೋಧವೂ ಮಾತಾಡಬಲ್ಲ ಅಳಿಯ ಅಲ್ಲವೇ ನಾನು. ನಾನು ಹೊಳೆ ನೋಡಿದೆ.

ಮೂರನೆಯ ದಿನ ದಾರಿ ತೆರೆದ ಮೇಲೆ ಹೊರಟೆವು. ಹೊಸ ಪೆಟ್ಟಿಗೆ ಮಾಡಿಸುತ್ತೇವೆ ಎಂದು ಮಗ ಹೇಳಿದ. ಮರ ಸಿಗಬೇಕು, ಒಣಗಬೇಕು, ವರ್ಷವಾದರೂ ಬೇಕು ಎಂದೂ ಹೇಳಿದ. ಅಜ್ಜಿ ಮೊಗಸಾಲೆಗೆ ಬಂದು ಕೈ ಬೀಸಿದಳೋ ಇಲ್ಲವೋ, ಮಂಜಿನಲ್ಲಿ ಕಾಣಲಿಲ್ಲ.

ರೈಲಿನಲ್ಲಿ ಮಾವ ಕೆಳಗಿನ ಹಾಸಿಗೆಯಲ್ಲಿ ಮಲಗದೆ ಕಿಟಕಿಗೆ ಒರಗಿ ಕೂತಿದ್ದ. ಹುನಾನಿನ ಗದ್ದೆಗಳೆಲ್ಲ ನೀರು ನಿಂತು ತಗಡಿನಂತೆ ಹೊಳೆಯುತ್ತಿದ್ದವು. ಹೊರಗೆ ನೋಡುತ್ತಲೇ ಮಾವ ಕೇಳಿದ:

"ಅವತ್ತು ಮುಂಜಾನೆ ಹಗ್ಗಾ ಬಿಚ್ಚುವಾಗ ಆಕಿ ಮಗ ನಿನಗ ಏನೋ ಕೇಳಿದ್ನಲ್ಲ. ಏನ ಕೇಳಿದ?"

"ಮಾವ ಏನ ಅನ್ನಾಕತ್ತಾರ ಅಂತ."

"ನೀ ಏನ ಹೇಳಿದಿ?"

ಸುಳ್ಳು ಹೇಳಬಹುದಿತ್ತು. ಅವನಿಗೆ ಆ ಭಾಷೆಯ ಒಂದು ಅಕ್ಷರವೂ ಬರುತ್ತಿರಲಿಲ್ಲ.

"ಮೆಣಸಿನಕಾಯಿ ಬಗ್ಗೆ ಅಂದೆ."

ಅವನು ತಲೆಯಾಡಿಸಿದ. ಜೇಬಿಗೆ ಕೈ ಹಾಕಿ ಅಲ್ಲಿ ಉಳಿದುಕೊಂಡಿದ್ದ ಒಂದು ಕಾಯಿ ತೆಗೆದ. ಒದ್ದೆಯಾಗಿ, ಸುಕ್ಕಿಲ್ಲದೆ ಊದಿಕೊಂಡಿತ್ತು. ಅಭ್ಯಾಸದಂತೆ ಕಿವಿಗೆ ಹಿಡಿದು ಅಲ್ಲಾಡಿಸಿ, ಕಿಟಕಿಯ ಪಕ್ಕದ ಸಣ್ಣ ಮೇಜಿನ ಮೇಲಿಟ್ಟ.

"ಖರೇನ ಹೇಳೀದಿ ಬಿಡು" ಎಂದ.